ಮೇಣದ ಕಂಬ ಸಮನಾಗಿ ಉರಿಯಬೇಕಾದರೆ

ಅಂಗಡಿಯವರು ಪಿಲ್ಲರ್ ಕ್ಯಾಂಡಲ್ ಎಂದು ಕರೆಯುವ, ಗಾಜಿನ ಬಟ್ಟಲಿನ ಆಶ್ರಯವಿಲ್ಲದೆ ತನ್ನಷ್ಟಕ್ಕೆ ತಾನೇ ನಿಲ್ಲತಕ್ಕ ದಪ್ಪನೆಯ ಮೇಣದ ಕಂಬವನ್ನು ಮನೆಯಲ್ಲಿಯೇ ಎರಕ ಹೊಯ್ಯುವ ಹವ್ಯಾಸವು ಈಚೆಗೆ ನಮ್ಮ ಪಟ್ಟಣಗಳಲ್ಲಿ ಸಾಕಷ್ಟು ಹಬ್ಬಿದೆ. ಮೇಣ, ಬತ್ತಿ, ತಗಡಿನ ಅಚ್ಚು ಈ ಮೂರೂ ಪೇಟೆಯಲ್ಲಿ ಸುಲಭವಾಗಿ ದೊರೆಯುತ್ತವೆ; ಕರಗಿಸಿ ಹೊಯ್ಯುವುದಕ್ಕೆ ವಿಶೇಷವಾದ ಪಾಂಡಿತ್ಯವೇನೂ ಬೇಕಿಲ್ಲ. ಆದರೆ ಅಚ್ಚಿನಿಂದ ಕಳಚಿ ತೆಗೆದಾಗ ನುಣ್ಣಗೆ, ನೆಟ್ಟಗೆ, ದೋಷರಹಿತವಾಗಿ ಕಾಣುತ್ತಿದ್ದ ಕಂಬವು ಕಡ್ಡಿ ಗೀರಿದ ಬಳಿಕವೇ ತನ್ನ ನಿಜವಾದ ಗುಣವನ್ನು ಪ್ರಕಟಿಸತಕ್ಕದ್ದು. ಒಂದರಲ್ಲಿ ಜ್ವಾಲೆಯು ನಟ್ಟನಡುವೆ ಬಾವಿ ತೋಡಿಕೊಂಡು ಕೆಳಗಿಳಿದು, ಸುತ್ತಲೂ ಅರ್ಧಕ್ಕಿಂತ ಹೆಚ್ಚು ಮೇಣವನ್ನು ವ್ಯರ್ಥವಾಗಿ ಉಳಿಸಿ, ತಾನು ಕರಗಿಸಿದ ಮೇಣದಲ್ಲಿ ತಾನೇ ಮುಳುಗಿ ಆರುತ್ತದೆ; ಇನ್ನೊಂದರಲ್ಲಿ ಒಂದು ಪಕ್ಕದ ಗೋಡೆ ಒಡೆದು ಮೇಣವೆಲ್ಲ ಮೇಜಿನ ಮೇಲೆ ಹರಿಯುತ್ತದೆ; ಮತ್ತೊಂದು ಮಸಿ ಕಾರುತ್ತ ಮೇಲುಸೂರಿನವರೆಗೆ ಕಪ್ಪು ಹಿಡಿಸುತ್ತದೆ. ಆಗ ಮಾಡಿದವರು ಮೇಣವನ್ನು ದೂರುವುದು, ಮೇಣ ಮಾರಿದವನನ್ನು ದೂರುವುದು ವಾಡಿಕೆ. ಬಹುಪಾಲು ಅಪರಾಧ ಬತ್ತಿಯದು, ಉಳಿದುದರಲ್ಲಿ ಹೆಚ್ಚಿನದು ಹೊತ್ತಿಸಿದವರದು, ಮೇಣದ ಪಾಲು ಅತ್ಯಲ್ಪವೆಂಬುದು ನನ್ನ ಅಭಿಪ್ರಾಯ.

ವಿಷಯವನ್ನು ಬುಡದಿಂದ ನೋಡುವುದಾದರೆ, ಉರಿಯುವುದು ಗಟ್ಟಿ ಮೇಣವೂ ಅಲ್ಲ, ಕರಗಿದ ಮೇಣವೂ ಅಲ್ಲ, ಮೇಣದ ಆವಿ. ಜ್ವಾಲೆಯ ಕಾವಿಗೆ ಬತ್ತಿಯ ಬುಡದ ಮೇಣ ಕರಗುತ್ತದೆ; ಕರಗಿದುದು ನೂಲಿನ ಎಳೆಗಳ ನಡುವಣ ಸೂಕ್ಷ್ಮವಾದ ಸಂದುಗಳಲ್ಲಿ ಕೇಶಾಕರ್ಷಣದಿಂದ ಮೇಲಕ್ಕೇರುತ್ತದೆ; ಏರಿದುದು ತುದಿಯಲ್ಲಿ ಆವಿಯಾಗಿ ಗಾಳಿಯೊಡನೆ ಬೆರೆತು ಉರಿಯುತ್ತದೆ. ನಂಬದವರು ಒಂದು ದೀಪವನ್ನು ಮೆಲ್ಲನೆ ಊದಿ ಆರಿಸಿ, ಏಳುವ ಬಿಳಿಯ ಹೊಗೆಗೆ ಬತ್ತಿಯಿಂದ ಎರಡಂಗುಲ ಮೇಲೆ ಉರಿಯುವ ಕಡ್ಡಿಯನ್ನು ಹಿಡಿದು ನೋಡಬಹುದು: ಜ್ವಾಲೆಯು ಹೊಗೆಯ ಎಳೆಯನ್ನು ಹಿಡಿದು ಕೆಳಗೆ ಜಿಗಿದು ಬತ್ತಿಯನ್ನು ಮತ್ತೆ ಹೊತ್ತಿಸುತ್ತದೆ. ೧೮೬೦ರ ಕ್ರಿಸ್ಮಸ್ ಕಾಲದಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೇಲ್ ಫ್ಯಾರಡೆಯು ಬಾಲಕ ಬಾಲಿಕೆಯರ ಮುಂದೆ ಮೇಣದ ದೀಪವೊಂದನ್ನೇ ವಿಷಯವಾಗಿರಿಸಿಕೊಂಡು ಆರು ಉಪನ್ಯಾಸಗಳನ್ನು ಮಾಡಿದಾಗ ಈ ಪ್ರಯೋಗವನ್ನು ತೋರಿಸಿದ್ದನು. ಕೇಶಾಕರ್ಷಣವನ್ನು ಮಕ್ಕಳ ಕಣ್ಣಿಗೆ ಕಾಣಿಸುವುದಕ್ಕಾಗಿ ಆತನು ತಟ್ಟೆಯೊಂದರಲ್ಲಿ ಉಪ್ಪಿನ ಕಂಬವನ್ನು ನಿಲ್ಲಿಸಿ, ಇನ್ನು ಒಂದು ಹರಳೂ ಕರಗಲಾರದಷ್ಟು ಉಪ್ಪು ತುಂಬಿದ ನೀರಿಗೆ ನೀಲಿ ಬಣ್ಣ ಬೆರಸಿ ತಟ್ಟೆಗೆ ಹೊಯ್ದನಂತೆ; ನೀಲಿಯು ಹರಳುಗಳ ಸಂದುಗಳನ್ನು ಹಿಡಿದು ಕಂಬವನ್ನೇರಿತು. ವಿಲಿಯಂ ಕ್ರೂಕ್ಸ್ ಎಂಬ ವಿಜ್ಞಾನಿ ಈ ಉಪನ್ಯಾಸಗಳನ್ನು ಸಂಪಾದಿಸಿ ೧೮೬೧ರಲ್ಲಿ ಪುಸ್ತಕವಾಗಿ ಹೊರಡಿಸಿದುದರಿಂದ ಅವು ನಮ್ಮವರೆಗೂ ಬಂದಿವೆ. ಮೇಣದ ಕಂಬವನ್ನು ಎರೆಯಹೊರಟವರು ಮೊದಲ ಉಪನ್ಯಾಸವನ್ನಾದರೂ ಓದತಕ್ಕದ್ದು.

ಹೀಗೆ, ಮೇಣ ಕರಗುವ ವೇಗ, ಬತ್ತಿ ಅದನ್ನು ಹೀರುವ ವೇಗ, ಜ್ವಾಲೆ ಅದನ್ನು ಉರಿಸುವ ವೇಗ ಎಂಬ ಮೂರೂ ಒಂದಕ್ಕೊಂದು ಹೊಂದಿಕೊಂಡು ನಡೆದರೆ ಮಾತ್ರ ದೀಪ ಸಮನಾಗಿ ಉರಿದೀತು. ಕರಗುವುದು ಹೆಚ್ಚಾಗಿ ಹೀರುವುದು ಕಡಮೆಯಾದರೆ ಬತ್ತಿ ಮುಳುಗುತ್ತದೆ. ಹೀರುವುದು ಹೆಚ್ಚಾಗಿ ಉರಿಸುವುದು ಕಡಮೆಯಾದರೆ ಹೊಗೆಯಾಡುತ್ತದೆ. ಗಾಜಿನ ಬಟ್ಟಲಿನಲ್ಲಿ ಹೊಯ್ದ ಮೇಣಕ್ಕೂ ಕಂಬಕ್ಕೂ ಇಲ್ಲಿ ಒಂದು ಮುಖ್ಯವಾದ ಭೇದವುಂಟು. ಬಟ್ಟಲಿನಲ್ಲಿ ಕರಗಿದ ಮೇಣವು ಗಾಜಿನ ಅಂಚನ್ನು ಮುಟ್ಟಲೇಬೇಕು. ಕಂಬದಲ್ಲಿ ಅದು ಅಂಚಿನ ಸಮೀಪಕ್ಕೆ ಬಂದು ಅಲ್ಲಿಯೇ ನಿಲ್ಲಬೇಕು, ಏಕೆಂದರೆ ಕರಗಿದ ಮೇಣದ ಮಡುವಿಗೆ ಆ ಗಟ್ಟಿಯಾದ ಅಂಚೇ ಕೆರೆಯ ಏರಿ ಇದ್ದಂತೆ. ಅದು ಎಲ್ಲಿ ತಗ್ಗಿತೋ ಅಲ್ಲಿ ಕೋಡಿ ಬೀಳುತ್ತದೆ. ಈ ಅಂಚನ್ನು ಕಾಪಾಡುವುದು ಗಾಳಿ. ಜ್ವಾಲೆಯ ಕಾವಿನಿಂದ ಬಿಸಿಯಾದ ಗಾಳಿ ಮೇಲಕ್ಕೆ ಹೋಗುತ್ತಲೂ ಸುತ್ತಣ ತಣ್ಣನೆಯ ಗಾಳಿ ಕಂಬದ ಮೈಯನ್ನು ಸವರಿಕೊಂಡು ಮೇಲೇರುತ್ತದೆ, ಹೊರಮೈ ಒಳಮೈಗಿಂತ ತಂಪಾಗಿರುತ್ತದೆ, ಆದುದರಿಂದ ನಡುವೆ ಕರಗಿದರೂ ಅಂಚು ಕರಗದೆ ಬಟ್ಟಲಿನ ಆಕಾರ ತಾನಾಗಿ ಏರ್ಪಡುತ್ತದೆ. ಫ್ಯಾರಡೆಯು ಮೇಣದ ದೀಪದ ಪರಮ ಸೌಂದರ್ಯವನ್ನು ಕಂಡದ್ದು ಈ ಬಟ್ಟಲಿನಲ್ಲಿ. ಮೈತುಂಬ ಗೀರುಗೆತ್ತನೆ ಮಾಡಿದ ಅಲಂಕಾರದ ಮೇಣದಬತ್ತಿಗಳನ್ನು ಆತನು ಕೈಗೆತ್ತಿಕೊಂಡು, ನೋಟಕ್ಕೆ ಚೆಂದವಾದ ಇವು ಉರಿಯುವುದಕ್ಕೆ ಅಯೋಗ್ಯ, ಏಕೆಂದರೆ ಗೀರಿದ್ದಲ್ಲೆಲ್ಲ ಅಂಚು ಸಮನಾಗದೆ ಮೇಣ ಸೋರುವುದೆಂದು ಮಕ್ಕಳಿಗೆ ತಿಳಿಸಿದನು. ಇಂದು ಗುಲಾಬಿಯ ಎಸಳಿನಂತೆ, ಶಂಖದಂತೆ, ತಿರುಚಿದ ಗೋಪುರದಂತೆ ಅಚ್ಚುಗಳನ್ನು ಕೊಂಡುತರುವವರು ಅವುಗಳಿಂದ ಸಮಜ್ವಲನವನ್ನು ಅಪೇಕ್ಷಿಸುವುದು ನ್ಯಾಯವಲ್ಲ. ನೆಟ್ಟನೆಯ ದುಂಡು ಕಂಬ, ಮೂರಂಗುಲ ವ್ಯಾಸ, ಐದಾರಂಗುಲ ಎತ್ತರ: ಕಲಿಯುವವರಿಗೆ ಇದಕ್ಕಿಂತ ಹಿತವಾದ ಆಕಾರವಿಲ್ಲ. ಈ ಲೇಖನದಲ್ಲಿ ಕೊಡುವ ಅಳತೆಗಳೆಲ್ಲ ಇಂತಹ ಕಂಬವನ್ನು ಕುರಿತವು.

ಇನ್ನು ಬತ್ತಿಯ ವಿಚಾರ. ಹತ್ತಿಯನ್ನು ಅಂಗೈಯಲ್ಲಿ ಹೊಸೆದು ಬತ್ತಿ ಮಾಡಿ ಗೊತ್ತಿರುವ ನಮ್ಮ ಮನೆಗಳಲ್ಲಿ, ದೇವರ ದೀಪಕ್ಕೆ ಒದಗುವ ಬತ್ತಿ ಮೇಣಕ್ಕೇಕೆ ಒದಗಬಾರದೆಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಒದಗದಿರುವುದಕ್ಕೆ ಕಾರಣವುಂಟು. ಎಣ್ಣೆ ಮೊದಲೇ ದ್ರವ. ಅದನ್ನು ಕರಗಿಸುವ ಹೊರೆ ಜ್ವಾಲೆಗಿಲ್ಲ. ಹಣತೆಯಲ್ಲಿ ಬತ್ತಿ ಕರಿಕಾದಂತೆ ಮನೆಯವರು ಕಡ್ಡಿಯಿಂದ ಕಿಟ್ಟ ತೆಗೆದು ಬತ್ತಿಯನ್ನು ಮುಂದಕ್ಕೆ ತಳ್ಳುತ್ತಲೂ ಇರುತ್ತಾರೆ. ಮೇಣದ ಕಂಬದಲ್ಲಿಯಾದರೋ ಕಂಬ ತಗ್ಗಿದಂತೆ ಬತ್ತಿ ತಾನಾಗಿಯೇ ಮೊಟಕಾಗಬೇಕು. ಹೊಸೆದ ನೂಲು ಜ್ವಾಲೆಯ ನಡುವೆ ನೆಟ್ಟಗೆ ನಿಲ್ಲುತ್ತದೆ. ಜ್ವಾಲೆಯ ಒಡಲಿಗೆ ಗಾಳಿ ತಲಪದಾದ ಕಾರಣ ಅಲ್ಲಿ ನಿಂತ ತುದಿ ಸುಟ್ಟು ಬೂದಿಯಾಗದೆ ಇದ್ದಿಲಾಗಿ ಬೆಳೆಯುತ್ತ ಹೋಗುತ್ತದೆ, ದೀಪ ಮಂಕಾಗುತ್ತದೆ. ಯೂರೋಪಿನಲ್ಲಿ ಶತಮಾನಗಳ ಕಾಲ ಈ ಕರಿಕನ್ನು ಕತ್ತರಿಸುವುದಕ್ಕೆಂದೇ ಪುಟ್ಟ ಡಬ್ಬಿ ಜೋಡಿಸಿದ ಕತ್ತರಿಗಳಿದ್ದವು. ನಾಟಕಶಾಲೆಗಳಲ್ಲಿ ಆಟ ನಡೆಯುತ್ತಿದ್ದಂತೆಯೇ ರಂಗದ ಮೇಲೆ ಬಂದು ದೀಪಗಳ ಕುಡಿ ಕತ್ತರಿಸಿ ಹೋಗುವ ಆಳನ್ನು ಸಂಬಳ ಕೊಟ್ಟು ಇಟ್ಟುಕೊಂಡಿದ್ದರು. ೧೮೨೫ರಲ್ಲಿ ಫ್ರಾನ್ಸಿನ ಕಾಂಬಸೆರೆಸ್ ಎಂಬಾತನು ನೂಲನ್ನು ಹೊಸೆಯುವುದಕ್ಕೆ ಬದಲಾಗಿ ಜಡೆಯಾಗಿ ಹೆಣೆದನು. ಹೆಣೆದ ಬತ್ತಿ ಉರಿಯುತ್ತಲೇ ಒಂದು ಪಕ್ಕಕ್ಕೆ ಬಾಗುತ್ತದೆ. ಬಾಗಿದ ತುದಿ ಜ್ವಾಲೆಯ ಹೊರಗಣ ಪದರಕ್ಕೆ, ಎಂದರೆ ಗಾಳಿಯೂ ಉಂಟು, ಸುಮಾರು ೧೪೦೦ ಡಿಗ್ರಿ ಸೆಲ್ಸಿಯಸ್ ಕಾವೂ ಉಂಟು ಎಂಬ ಸ್ಥಳಕ್ಕೆ ಚಾಚಿಕೊಂಡು, ಅಲ್ಲಿ ಪೂರ್ತಿಯಾಗಿ ಉರಿದು ಇಲ್ಲವಾಗುತ್ತದೆ. ಇಷ್ಟು ಚಿಕ್ಕ ಮಾರ್ಪಾಟಿನಿಂದ ಕತ್ತರಿಯ ಆಳಿಗೆ ಕೆಲಸ ತಪ್ಪಿತು. ಬಿಳಿಗಾರ ಮೊದಲಾದ ಲವಣಗಳ ದ್ರಾವಣದಲ್ಲಿ ನೂಲನ್ನು ನೆನೆಸಿ ಒಣಗಿಸಿದರೆ ಅದು ನಿಧಾನವಾಗಿ, ಶುಚಿಯಾಗಿ ಉರಿಯುವುದೆಂಬುದೂ ಮುಂದೆ ತಿಳಿದುಬಂದಿತು. ಆದುದರಿಂದ ಕಂಬಕ್ಕೆ ಹೆಣೆದ ಬತ್ತಿಯನ್ನೇ ಕೊಳ್ಳತಕ್ಕದ್ದು. ಪ್ಯಾರಾಫಿನ್ನಿಗೆ ಚಪ್ಪಟೆ ಜಡೆಯೂ ಚೌಕ ಜಡೆಯೂ ಸಲ್ಲುತ್ತವೆ. ಜೇನುಮೇಣ ಜಿಗುಟಾದುದರಿಂದ ಅದಕ್ಕೆ ಚೌಕ ಜಡೆಯೇ ವಾಸಿ.

ಹೆಣೆದುದಾದರೆ ಸಾಲದು, ದಪ್ಪ ಸರಿಯಾಗಿರಬೇಕು. ಇಲ್ಲಿಯೇ ಬಹುಮಂದಿ ಎಡವುವುದು. ಕಂಬದ ವ್ಯಾಸಕ್ಕೆ ತಕ್ಕಂತೆ ಬತ್ತಿಯ ಪಟ್ಟಿಯೊಂದನ್ನು ಮಾರುವವರು ಕೊಡುತ್ತಾರೆ. ಅದು ಆರಂಭಕ್ಕೆ ದಾರಿ ತೋರಿಸೀತೇ ಹೊರತು ತೀರ್ಪು ಹೇಳಲಾರದು. ಮೇಣ ಬೇರೆಯಾದರೆ, ಬಣ್ಣ ಸೇರಿದರೆ, ಪರಿಮಳ ಬೆರೆತರೆ ಅದೇ ವ್ಯಾಸಕ್ಕೆ ಬೇರೆ ಬತ್ತಿ ಬೇಕಾಗುತ್ತದೆ. ತೀರ್ಪು ಕೊಡುವುದು ಉರಿಸಿ ನೋಡುವುದೊಂದೇ. ಒಂದೇ ಪಾತ್ರೆಯ ಮೇಣವನ್ನು ಒಂದೇ ಅಳತೆಯ ಮೂರು ಅಚ್ಚುಗಳಿಗೆ ಹೊಯ್ದು, ಪಟ್ಟಿ ಹೇಳಿದ ಬತ್ತಿಯನ್ನು ಒಂದಕ್ಕೆ, ಅದಕ್ಕಿಂತ ಒಂದು ಮೆಟ್ಟಲು ಸಪುರವಾದುದನ್ನು ಮತ್ತೊಂದಕ್ಕೆ, ಒಂದು ಮೆಟ್ಟಲು ದಪ್ಪನಾದುದನ್ನು ಮೂರನೆಯದಕ್ಕೆ ಹಾಕಿ, ಗಾಳಿಯಾಡದ ಕೋಣೆಯಲ್ಲಿ ಏಕಕಾಲಕ್ಕೆ ಹೊತ್ತಿಸಬೇಕು. ವ್ಯಾಸದ ಅಂಗುಲವೊಂದಕ್ಕೆ ಒಂದು ಗಂಟೆಯಂತೆ ಮೂರು ಗಂಟೆ ಕಳೆದ ಮೇಲೆ ನೋಡಿದರೆ ಭೇದ ಕಣ್ಣಿಗೆ ಹೊಡೆಯುತ್ತದೆ. ಸಪುರ ಬತ್ತಿಯ ಮಡು ಅಂಗುಲವಗಲವೂ ಇಲ್ಲದೆ ಆಳಕ್ಕೆ ಇಳಿದಿರುತ್ತದೆ, ಜ್ವಾಲೆ ಹೆಸರಿಗೆ ಮಾತ್ರ ಇರುತ್ತದೆ. ದಪ್ಪ ಬತ್ತಿಯ ಜ್ವಾಲೆ ನೀಳವಾಗಿ, ನಡುಗುತ್ತ, ತುದಿಯಲ್ಲಿ ಕಪ್ಪನ್ನು ಬಿಡುತ್ತ, ಬತ್ತಿಯ ನೆತ್ತಿಯ ಮೇಲೆ ಅಣಬೆಯಾಕಾರದ ಇದ್ದಿಲ ಗಂಟನ್ನು ಹೊತ್ತಿರುತ್ತದೆ, ಮಡು ಅಂಚನ್ನು ಕೊರೆಯುತ್ತಿರುತ್ತದೆ. ಸರಿಯಾದ ಬತ್ತಿಯದಾದರೆ ಜ್ವಾಲೆ ಅಲುಗದೆ ನಿಂತು, ಮಡುವು ಅಂಚಿನಿಂದ ಸುಮಾರು ಕಾಲಂಗುಲ ಒಳಗಡೆ ಎಲ್ಲ ಪಕ್ಕಕ್ಕೂ ಸಮದೂರದಲ್ಲಿ ನಿಂತು, ಒಂದು ಸೆಂಟಿಮೀಟರಿಗೆ ಆಸುಪಾಸಾದ ಆಳವನ್ನು ಪಡೆದಿರುತ್ತದೆ. ಎರಡರ ನಡುವೆ ತೂಗಾಡುವವರು ಸಪುರವಾದುದರ ಕಡೆಗೇ ಒಲಿಯುವುದುಂಟು, ದಪ್ಪ ಬತ್ತಿಗೆ ಬೆಂಕಿಯ ಅಪಾಯ ಹೆಚ್ಚೆಂಬ ಭಯದಿಂದ, ಭಯ ಯುಕ್ತವಾದುದೇ. ಆದರೆ ಅರ್ಧ ಮೇಣವನ್ನು ಉಳಿಸಿ ಸಾಯುವ ದೀಪದಿಂದಲೂ ಪ್ರಯೋಜನವಿಲ್ಲವಷ್ಟೆ.

ಮೇಣವು ಅಲ್ಪಾಪರಾಧಿಯೆಂದೆನೇ ಹೊರತು ನಿರಪರಾಧಿಯೆನ್ನಲಿಲ್ಲ. ಕಂಬ ತಾನೇ ನಿಲ್ಲಬೇಕಾದುದರಿಂದ ಅದರ ಮೇಣ ಸುಮಾರು ೬೦ ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗುವಂತಹುದಾಗಿರಬೇಕು. ಬಟ್ಟಲಿಗೆಂದು ಮಾರುವ, ೫೦ರ ಆಸುಪಾಸಿನಲ್ಲಿಯೇ ಕರಗುವ ಮೃದುವಾದ ಮೇಣದಿಂದ ಕಂಬ ಮಾಡಿದರೆ ಅಂಚು ನಿಲ್ಲುವುದಿಲ್ಲ. ಕಲಬುರಗಿ ರಾಯಚೂರುಗಳ ಬೇಸಗೆಯಲ್ಲಿಯಂತೂ ಹೊತ್ತಿಸದಿದ್ದರೂ ಬಾಗೀತು. ಸೋಯಾ ಮೇಣದ ಬಹುಪಾಲು ಬಗೆಗಳು ಈ ಮೃದುಜಾತಿಗೇ ಸೇರಿದವು. ಕೊಡಗು ಮಲೆನಾಡುಗಳ ಜೇನುಮೇಣವೋ ೬೨ರಿಂದ ೬೪ ಡಿಗ್ರಿಯವರೆಗೆ ತಡೆಯತಕ್ಕದ್ದು, ಉತ್ತಮವಾದುದು, ದುಬಾರಿಯಾದುದು. ಸಾಮಾನ್ಯರಿಗೆ ಒದಗುವುದು ಪ್ಯಾರಾಫಿನ್. ೧೮೩೦ರಲ್ಲಿ ಜರ್ಮನಿಯ ರೈಖೆನ್‌ಬಾಖ್ ಮರದ ಡಾಂಬರಿನಿಂದ ಬೇರ್ಪಡಿಸಿದ ಈ ಪದಾರ್ಥ ಈಗ ಕಚ್ಚಾ ಎಣ್ಣೆಯನ್ನು ಶುದ್ಧಿಮಾಡುವಾಗ ದೊರೆಯುತ್ತದೆ, ೧೯೦೧ರಲ್ಲಿ ಆರಂಭವಾದ ಅಸ್ಸಾಮಿನ ದಿಗ್ಬಾಯ್ ಕಾರ್ಖಾನೆಯ ಮೇಣ ನಮ್ಮ ದೇಶದಲ್ಲಿ ಹೆಸರಾಂತುದು. ಕೊಳ್ಳುವಾಗ ಪೂರ್ಣವಾಗಿ ಸಂಸ್ಕರಿಸಿದುದನ್ನೇ ಕೇಳಬೇಕು. ಅರೆಸಂಸ್ಕರಿಸಿದುದರಲ್ಲಿ ಉಳಿದಿರುವ ಎಣ್ಣೆಯಂಶ ಕಂಬವನ್ನು ಮೆತ್ತಗಾಗಿಸಿ ಹೊಗೆಗೂ ಕಾರಣವಾಗುತ್ತದೆ. ಪ್ಯಾರಾಫಿನ್ನಿಗೆ ನೂರಕ್ಕೆ ಹತ್ತರಷ್ಟು ಸ್ಟಿಯರಿಕ್ ಆಮ್ಲವನ್ನು ಬೆರಸುವ ರೂಢಿಯುಂಟು. ಇದರಿಂದ ಕಂಬ ಗಟ್ಟಿಯಾಗುತ್ತದೆ, ಹಾಲುಬಿಳುಪು ಬರುತ್ತದೆ, ಅಚ್ಚಿನಿಂದ ಸಲೀಸಾಗಿ ಕಳಚುತ್ತದೆ. ಕೊಬ್ಬಿನ ರಸಾಯನವನ್ನು ಶೋಧಿಸಿದ ಶೆವ್ರಲ್, ಗೇ ಲ್ಯುಸಾಕ್ ಎಂಬ ಫ್ರೆಂಚ್ ವಿದ್ವಾಂಸರಿಬ್ಬರು ೧೮೨೫ರಲ್ಲಿ, ಎಂದರೆ ಜಡೆಬತ್ತಿ ಹುಟ್ಟಿದ ವರ್ಷದಲ್ಲಿಯೇ, ಈ ಆಮ್ಲದ ದೀಪಗಳಿಗೆ ಹಕ್ಕುಪತ್ರ ಪಡೆದರು. (ಶೆವ್ರಲ್ ನೂರ ಎರಡು ವರ್ಷ ಬದುಕಿ ೧೮೮೯ರಲ್ಲಿ ತೀರಿಕೊಂಡನು, ದೀಪದ ಸಹವಾಸ ಆಯುಷ್ಯಕ್ಕೆ ಒಳ್ಳೆಯದೋ ಏನೋ!) ಒಂದೇ ಎಚ್ಚರಿಕೆ: ಈ ಆಮ್ಲವನ್ನು ತಾಮ್ರ ಹಿತ್ತಾಳೆಯ ಪಾತ್ರೆಗಳಲ್ಲಿ ಕಾಯಿಸಬಾರದು, ಲೋಹದೊಡನೆ ಕೂಡಿ ಹಸುರು ಹಿಡಿಯುತ್ತದೆ. ಸ್ಟೀಲಿನ ಅಥವಾ ಅಲ್ಯುಮಿನಿಯಮಿನ ಪಾತ್ರೆ ಸರಿ.

ಕಾಯಿಸುವಾಗ ಮೇಣದ ಪಾತ್ರೆಯನ್ನು ನೇರವಾಗಿ ಒಲೆಯ ಮೇಲಿಡದೆ ನೀರು ಕುದಿಯುವ ಇನ್ನೊಂದು ಪಾತ್ರೆಯೊಳಗೆ ಕೂರಿಸಬೇಕು. ಮೇಣ ಕುದಿಯುವ ಮುನ್ನ ಎಚ್ಚರಿಸುವ ಪದಾರ್ಥವಲ್ಲ. ಸುಮಾರು ೨೦೦ ಡಿಗ್ರಿಯಲ್ಲಿ ಅದರ ಆವಿ ಬೆಂಕಿಯ ಸೋಂಕಿಗೆ ಭಗ್ಗನೆ ಹೊತ್ತಿಕೊಳ್ಳುತ್ತದೆ, ನೀರಿನೊಳಗೆ ಕೂತ ಪಾತ್ರೆಯಾದರೋ ನೂರನ್ನು ಮೀರಲಾರದು. ಹೊತ್ತಿಕೊಂಡರೆ ಒಲೆ ಆರಿಸಿ ಮುಚ್ಚಳ ಮುಚ್ಚಬೇಕೇ ವಿನಾ ಎಂದೆಂದಿಗೂ ನೀರು ಎರಚಬಾರದು.

ಹೊಯ್ಯುವುದಕ್ಕೆ ಮೊದಲು ಬತ್ತಿಯನ್ನು ಕಾದ ಮೇಣದಲ್ಲಿ ಅದ್ದಿ, ಗುಳ್ಳೆಗಳು ಏಳುವುದು ನಿಂತ ಮೇಲೆ ತೆಗೆದು, ನೆಟ್ಟಗೆ ಎಳೆದು ಒಣಗಿಸಬೇಕು. ಎಳೆಗಳೊಳಗಿನ ಗಾಳಿಯೂ ತೇವವೂ ಹೊರಟುಹೋಗಿ ದೀಪ ಚಟಪಟವೆನ್ನದೆ ಹತ್ತುವುದು. ಅಚ್ಚಿನ ತಳದ ರಂಧ್ರದಿಂದ ತೂರಿಸಿದ ಬತ್ತಿಯನ್ನು ಬಾಯಿಯ ಮೇಲೆ ಅಡ್ಡವಾಗಿಟ್ಟ ಕಡ್ಡಿಗೆ ಬಿಗಿದು ಕಟ್ಟಿದಾಗ ಅದು ಮೀಟಿದರೆ ನಾದ ಬರುವಷ್ಟು ಬಿಗಿಯಾಗಿ, ಸರಿಯಾಗಿ ನಡುವೆ ನಿಲ್ಲಬೇಕು. ಕೆಲವೇ ಮಿಲಿಮೀಟರು ಸರಿದಿದ್ದರೂ ಆ ಪಕ್ಕದ ಗೋಡೆ ಮೊದಲು ತೀರುತ್ತದೆ. ಲೋಹದ ಅಚ್ಚಿಗೆ ಮೇಣವನ್ನು ೮೦ರಿಂದ ೮೫ ಡಿಗ್ರಿಯಲ್ಲಿ ಹೊಯ್ಯುವುದು ವಾಡಿಕೆ. ಹೊಯ್ದಾದ ಮೇಲೆ ಕಾಣದ ಶತ್ರುವೊಂದು ಒಳಗೆ ಕೆಲಸ ಮಾಡತೊಡಗುತ್ತದೆ. ಪ್ಯಾರಾಫಿನ್ ಗಟ್ಟಿಯಾಗುವಾಗ ನೂರಕ್ಕೆ ಹತ್ತು ಹದಿನೈದು ಪಾಲು ಕುಗ್ಗುತ್ತದೆ; ಹೊರಮೈ ಮೊದಲು ಹೆಪ್ಪುಗಟ್ಟಿ ನಡುವಣ ಮೇಣವನ್ನು ತನ್ನ ಕಡೆಗೆ ಎಳೆದುಕೊಳ್ಳುವುದರಿಂದ ಬತ್ತಿಯ ಸುತ್ತ ಟೊಳ್ಳು ಉಂಟಾಗುತ್ತದೆ, ಅದರ ಮೇಲೆ ತೆಳುವಾದ ಕೆನೆ ಕಟ್ಟಿ ಟೊಳ್ಳು ಕಾಣದಂತಾಗುತ್ತದೆ. ಇಂತಹ ಕಂಬ ಒಂದೆರಡು ದಿನ ಚೆನ್ನಾಗಿಯೇ ಉರಿದು, ಜ್ವಾಲೆ ಟೊಳ್ಳನ್ನು ತಲಪಿದ ಕ್ಷಣದಲ್ಲಿ ಮಡುವಿನ ಮೇಣವೆಲ್ಲ ಒಮ್ಮೆಲೇ ಒಳಕ್ಕೆ ಸೋರಿ, ಬತ್ತಿ ಬತ್ತಲೆಯಾಗಿ ಜ್ವಾಲೆ ಭುಗಿಲೇಳುತ್ತದೆ. ಇದನ್ನು ತಪ್ಪಿಸಲು, ಮೇಲೆ ಕೆನೆ ಕಟ್ಟಿದೊಡನೆ ಬತ್ತಿಯ ಸುತ್ತ ಹೆಣಿಗೆಯ ಕಡ್ಡಿಯಿಂದ ನಾಲ್ಕಾರು ಕಡೆ ಆಳವಾಗಿ ಚುಚ್ಚಿ, ಕೆನೆ ಕಟ್ಟಿದಂತೆಲ್ಲ ಆ ರಂಧ್ರಗಳು ಮುಚ್ಚದಂತೆ ಮತ್ತೆ ಚುಚ್ಚುತ್ತ, ತಗ್ಗು ಬಿದ್ದ ಮೇಲೆ ಮೊದಲಿಗಿಂತ ಸ್ವಲ್ಪ ಹೆಚ್ಚು ಬಿಸಿಯಾದ ಮೇಣವನ್ನು ಎರಡನೆಯ ಸಲ ಹೊಯ್ಯಬೇಕು, ಆದರೆ ಮೊದಲ ಮಟ್ಟವನ್ನು ಮೀರಿ ಹೊಯ್ಯಬಾರದು. ಮೀರಿದರೆ ಮೇಣ ಕಂಬಕ್ಕೂ ಅಚ್ಚಿಗೂ ನಡುವೆ ಇಳಿದು ಕಳಚುವುದೇ ಕಷ್ಟವಾಗುತ್ತದೆ. ಎಷ್ಟೋ ಮಂದಿ ಬೇಸರದಿಂದ ಬಿಟ್ಟುಬಿಡುವ ಹಂತವಿದು, ಬಿಡಲೇಬಾರದ ಹಂತವೂ ಇದೇ.

ಬಣ್ಣ ಪರಿಮಳಗಳ ವಿಷಯದಲ್ಲಿ ನಾನು ಕೃಪಣ. ಮಕ್ಕಳ ಕ್ರೇಯಾನನ್ನು ಕರಗಿಸಿ ಬೆರಸುವುದು ಸಾಮಾನ್ಯವಾಗಿದೆ. ಅದರ ಬಣ್ಣದ ಕಣಗಳು ಮೇಣದಲ್ಲಿ ಕರಗದೆ ತೇಲುತ್ತ ಬತ್ತಿಯ ಸಂದುಗಳನ್ನು ಮುಚ್ಚುತ್ತವೆ, ಅರಿಸಿನ ಕುಂಕುಮಗಳ ಪುಡಿಯೂ ಹಾಗೆಯೇ. ಎಣ್ಣೆಯಲ್ಲಿ ಕರಗತಕ್ಕ, ಮೇಣಕ್ಕೆಂದೇ ಮಾಡಿದ ಬಣ್ಣವನ್ನು ಚಿಟಿಕೆಯಷ್ಟು ಹಾಕಿದರೆ ಸಾಕು. ಪರಿಮಳದ ಎಣ್ಣೆ ಅತಿಯಾದರೆ ಕಂಬ ಬೆವರುತ್ತದೆ, ಬತ್ತಿ ಕಟ್ಟಿಕೊಳ್ಳುತ್ತದೆ. ಒಣಹೂಗಳನ್ನು ಒಳಗೆ ಹುದುಗಿಸಿದ ಕಂಬ ನೋಡುವುದಕ್ಕಿರಲಿ, ಉರಿಸುವುದಕ್ಕೆ ಬೇಡ. ಮಡುವಿನಲ್ಲಿ ಬಿದ್ದ ಹೂ ಇನ್ನೊಂದು ಬತ್ತಿಯಾಗಿ ಹೊತ್ತಿಕೊಳ್ಳುತ್ತದೆ.

ಇಷ್ಟೆಲ್ಲ ಕಟ್ಟಳೆಗಳನ್ನು ಪಾಲಿಸಿ ಎರೆದ ಕಂಬವನ್ನು ಕೆಡಿಸುವುದಕ್ಕೆ ಹತ್ತು ನಿಮಿಷದ ಲೋಡ್‌ಶೆಡ್ಡಿಂಗ್ ಸಾಕು. ಕರೆಂಟು ಹೋಯಿತೆಂದು ಹೊಸ ಕಂಬವನ್ನು ಹೊತ್ತಿಸಿ, ಬಂದೊಡನೆ ಊದಿದರೆ, ಅಷ್ಟರಲ್ಲಿ ಕರಗಿದ ರೂಪಾಯಿಯಗಲದ ಗುಳಿಯೇ ಮುಂದಿನ ಸಲದ ದಾರಿಯಾಗುತ್ತದೆ. ಜ್ವಾಲೆ ಆ ಗುಳಿಯೊಳಗೇ ಇಳಿದು, ಗುಳಿಯ ಗೋಡೆಗಳ ಮರೆಯಲ್ಲಿ ಅಗಲವಾಗಲಾರದೆ, ಬಾವಿ ತೋಡತೊಡಗುತ್ತದೆ. ಮೊದಲ ಸಲ ಹೊತ್ತಿಸಿದಾಗ ಮೂರಂಗುಲದ ಕಂಬವನ್ನು ಮೂರು ಗಂಟೆಯ ಕಾಲ ಉರಿಯಗೊಡಬೇಕು, ಆ ಬಳಿಕವೂ ಗಂಟೆಗಿಂತ ಕಡಮೆ ಹೊತ್ತಿಗೆ ಹಚ್ಚದಿರುವುದು ಲೇಸು. ಕರೆಂಟು ಹೋದಾಗಿನ ಬಳಕೆಗೆ ಅಂಗಡಿಯ ಸಣ್ಣ ಮೇಣದಬತ್ತಿಯೇ ಯೋಗ್ಯ. ಪ್ರತಿ ಸಲ ಹಚ್ಚುವ ಮುನ್ನ ತಣ್ಣಗಾದ ಬತ್ತಿಯನ್ನು ಕಾಲಂಗುಲಕ್ಕೆ ಕತ್ತರಿಸಿ, ಕರಿಕನ್ನೂ ಕಡ್ಡಿಯ ಚೂರುಗಳನ್ನೂ ಮಡುವಿನಿಂದ ತೆಗೆದುಹಾಕಬೇಕು. ಬೀಸುಗಾಳಿಯಂತೂ ಸಮಜ್ವಲನಕ್ಕೆ ಮಹಾವೈರಿ: ನಮ್ಮ ಮನೆಗಳಲ್ಲಿ ಊಟದ ಮೇಜಿನ ನೆತ್ತಿಯ ಮೇಲೆಯೇ ಫ್ಯಾನು ತಿರುಗುತ್ತಿರುತ್ತದೆ, ಮೇಜಿನ ನಡುವೆ ಕಂಬ ಉರಿಯುತ್ತಿರುತ್ತದೆ, ಒಂದು ಪಕ್ಕ ಸೋರಿತೆಂದು ಬತ್ತಿ ಬೈಗುಳ ತಿನ್ನುತ್ತದೆ.

ಕೆಟ್ಟುದನ್ನು ಸ್ವಲ್ಪಮಟ್ಟಿಗೆ ತಿದ್ದಲೂಬಹುದು. ಬಾವಿ ತೋಡಿದ ಕಂಬದ ಮೇಲೆ ಅಲ್ಯುಮಿನಿಯಮಿನ ತೆಳುಹಾಳೆಯನ್ನು ಟೋಪಿಯಾಗಿ ಮುಚ್ಚಿ, ನಡುವೆ ಜ್ವಾಲೆಗೆ ಗಾಳಿಯಾಡುವಷ್ಟು ತೂತು ಬಿಟ್ಟರೆ, ಕಾವು ಒಳಗೇ ತಡೆದು ನಿಂತು ಗೋಡೆಗಳು ಕರಗಿ ಮಟ್ಟವಾಗುತ್ತವೆ; ಹಾಳೆ ಸುಡುವುದರಿಂದ ಬರಿಗೈಯಿಂದ ಮುಟ್ಟಬಾರದು, ಕಣ್ಣು ತಪ್ಪಿಸಲೂಬಾರದು. ಅಂಚು ಎತ್ತರವಾಗಿ ತೆಳ್ಳಗೆ ಉಳಿದಿದ್ದರೆ, ಹಲವು ಗಂಟೆ ಉರಿದು ಅದು ಮೆತ್ತಗಾಗಿರುವಾಗ ದೀಪವನ್ನು ಆರಿಸಿ ಎರಡು ಅಂಗೈಗಳಿಂದ ಮೆಲ್ಲಗೆ ಒಳಕ್ಕೆ ಒತ್ತಿದರೆ ಅಂಚು ಬಾಗಿ ಮುಂದಿನ ಸಲದ ಮಡುವಿಗೆ ಸೇರುತ್ತದೆ. ಪಕ್ಕಕ್ಕೆ ಸರಿದ ಬತ್ತಿಯನ್ನು, ಮೇಣ ದ್ರವವಾಗಿರುವಾಗಲೇ, ಕಡ್ಡಿಯಿಂದ ಮಡುವಿನಲ್ಲಿ ಅದ್ದಿ ಆರಿಸಿ ಕೂಡಲೆ ಎತ್ತಿ ನಡುವೆ ನಿಲ್ಲಿಸಬೇಕು. ಹೀಗೆ ಆರಿಸಿದರೆ ಹೊಗೆಯ ವಾಸನೆಯೂ ಇರುವುದಿಲ್ಲ. ಮುಳುಗುತ್ತಿರುವ ಬತ್ತಿಗೆ ಮಡುವಿನ ಮೇಣವನ್ನು ಒಂದಿಷ್ಟು ಹೊರಗೆ ಬಗ್ಗಿಸುವುದೇ ಚಿಕಿತ್ಸೆ. ಆದರೆ ಅದೇ ಕಂಬ ಮತ್ತೆ ಮತ್ತೆ ಮುಳುಗಿದರೆ ಬತ್ತಿ ಸಪುರವಾಯಿತೆಂದು ತಿಳಿದು ಮುಂದಿನ ಎರಕದಲ್ಲಿ ಒಂದು ಮೆಟ್ಟಲು ಏರಬೇಕು.

ಕಂಬ ಅರ್ಧ ಅಂಗುಲಕ್ಕೆ ಇಳಿದಾಗ ಉರಿಸುವುದನ್ನು ನಿಲ್ಲಿಸತಕ್ಕದ್ದು, ಇಲ್ಲವಾದರೆ ಕಾವು ಕೆಳಗಿನ ತಟ್ಟೆಯನ್ನೇ ಸೀಳೀತು. ಉಳಿದ ತುಂಡುಗಳನ್ನು ಕೂಡಿಸಿಟ್ಟು ಕರಗಿಸಿ, ಹಳೆಯ ಬಟ್ಟೆಯಲ್ಲಿ ಸೋಸಿ ಮರಳಿ ಅಚ್ಚಿಗೆ ಹೊಯ್ಯುವುದು ಗೃಹಕೃತ್ಯದ ದೃಷ್ಟಿಯಿಂದ ಮೆಚ್ಚತಕ್ಕ ಮಾತೇ. ಆದರೆ ನಾನಾ ಮೇಣ, ನಾನಾ ಬಣ್ಣ, ನಾನಾ ಪರಿಮಳಗಳು ಕೂಡಿದ ಆ ಮಿಶ್ರಣಕ್ಕೆ ಹಿಂದೆ ಒಪ್ಪಿದ ಬತ್ತಿ ಒಪ್ಪಬೇಕೆಂಬ ನಿಯಮವಿಲ್ಲ, ಮೂರು ಬತ್ತಿಗಳ ಪರೀಕ್ಷೆಯನ್ನು ಮೊದಲಿನಿಂದ ಮಾಡಬೇಕಾಗುತ್ತದೆ.